ಇಲ್ಲ ಅಂದವರ ಬಾಗಿಲು

ಸಿದ್ದವ್ವ ಹೆಣದ ಮೊಣಕಾಲನ್ನು ಮೂರನೆಯ ಸಲ ಉಜ್ಜುತ್ತಿದ್ದಳು. ಕಪ್ಪು ಹೋಗುತ್ತಿರಲಿಲ್ಲ.

“ಅದು ಹೊಲಸಲ್ರಿ ಚಿಗವ್ವ, ಬಿಡ್ರಿ,” ಎಂದಳು ಸತ್ತವಳ ಸೊಸೆ ಸೋನಾಲಿ. “ಪ್ರಾರ್ಥನಾಕ್ಕ ಕುಂತು ಕುಂತು ಆದ ಗಂಟು.”

ಪಕ್ಕದ ಮನೆಯ ಸಿದ್ದವ್ವ ತೀರಿಹೋದ ಯಲ್ಲವ್ವನ ಓರಗೆಯವಳು. ಕೈ ತಡೆದು ನೋಡಿದಳು. “ನಮ್ಮ ದೇವರಿಗಾದ್ರ ಒಂದ ಕಾಯಿ ಒಡದ್ರ ಮುಗೀತಿತ್ತು. ಇಕಿ ದೇವರು ಇಕಿನ್ನ ಭಾಳ ದುಡಿಸ್ಯಾನ,” ಎಂದಳು. ಆಮೇಲೆ ನೀರು ಹೊಯ್ಯುತ್ತ ಅತ್ತಳು.

ಯಲ್ಲವ್ವ ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿದ್ದಳು. ಪಾಸ್ಟರ್ ಬಾಳಾಸಾಹೇಬ ಜತ್ತಿನಿಂದ ಜೀಪಿನಲ್ಲಿ ಬಂದು, ಮೂರು ಗಂಟೆಗೆ ಮಣ್ಣು ಎಂದಿದ್ದರು. ಬಡಿಗ ಮಲ್ಲಿನಾಥ ಅಂಗಳದಲ್ಲಿ ಪೆಟ್ಟಿಗೆಗೆ ಹಲಗೆ ಕೊಯ್ಯುತ್ತಿದ್ದ. ಇನ್ನು ಬರಬೇಕಾದದ್ದು ತವರಿನ ಸೀರೆ. ಹೆಣ್ಣು ಯಾವ ದೇವರಿಗೆ ನಡೆದುಕೊಂಡರೂ ತವರಿನವರು ಹೊದಿಸಿದ ಸೀರೆಯಿಲ್ಲದೆ ಮಣ್ಣಿಗೆ ಹೋಗುವುದಿಲ್ಲ. ಯಲ್ಲವ್ವನ ತವರಿನಲ್ಲಿ ಉಳಿದವನು ಅಣ್ಣ ಒಬ್ಬನೇ, ಕರಜಗಿಯ ಅಮೋಗಸಿದ್ದ. ತಂಗಿ ದೀಕ್ಷಾಸ್ನಾನ ತೆಗೆದುಕೊಂಡ ದಿನ ಅವನು ಮಾತು ಬಿಟ್ಟಿದ್ದ. ಅದಕ್ಕೀಗ ಮೂವತ್ತೆರಡು ವರ್ಷ.

ಸೋನಾಲಿ ಬೆಳಗ್ಗೆಯೇ ಫೋನ್ ಮಾಡಿದ್ದಳು. ಮುದುಕ ಸುದ್ದಿ ಕೇಳಿ, ಮಾತಾಡದೆ ಕುರಿ ಹಿಂದೆ ಹೋದನೆಂದು ಅವನ ಸೊಸೆ ಹೇಳಿದಳು. ಎರಡನೆಯ ಸಲ, ಇನ್ನೂ ಬಂದಿಲ್ಲ ಎಂದಳು. ಆಮೇಲೆ ಯಾರೂ ಎತ್ತಲಿಲ್ಲ.

*

ಅವರ ಊರು ಉಟಗಿಯ ಕ್ರೈಸ್ತ ಸಭೆಯೆಂದರೆ ಏಳು ಮನೆ. ಭಾನುವಾರದ ಪ್ರಾರ್ಥನೆಯಲ್ಲಿ ಯಲ್ಲವ್ವನ ಸರದಿ ಬಂದರೆ ಎಲ್ಲರಿಗೂ ಮೊದಲೇ ಗೊತ್ತು: ಮಳೆ, ಕಾಯಿಲೆಯವರು, ಕೊನೆಗೆ ಅಣ್ಣ ಅಮೋಗಸಿದ್ದ. ಹುಡುಗಿಯರು ಅವಳಿಗಿಂತ ಮೊದಲೇ ಆ ಹೆಸರನ್ನು ತುಟಿಯಲ್ಲಿ ಅಂದು ನಗುತ್ತಿದ್ದರು. ಇದನ್ನು ಮನಸ್ಸಿನಲ್ಲೇ ಕೇಳಿಕೊಳ್ಳಿ ಎಂದು ಹಿಂದಿನ ಪಾಸ್ಟರೊಬ್ಬರು ಹೇಳಿ ನೋಡಿದ್ದರು. ಮುಂದಿನ ವಾರ ಅವಳು ಸ್ವಲ್ಪ ಮೆಲ್ಲಗೆ ಕೇಳಿದಳು, ಅಷ್ಟೇ.

ಮಗ ಮಹಾಂತ ದವಾಖಾನೆಯಲ್ಲಿದ್ದಾಗ ನಲವತ್ತು ದಿನ ಅವನ ಮಂಚದ ಬಳಿ ಮೊಣಕಾಲೂರಿದ್ದಳು. ನಲವತ್ತೊಂದನೆಯ ದಿನ ಸೋನಾಲಿ ವಿಧವೆಯಾದಳು. ಮಣ್ಣು ಮಾಡಿ ಬಂದ ಸಂಜೆ ಅತ್ತೆ ಮತ್ತೆ ಗೋಡೆಗೆ ಮುಖಮಾಡಿ ಕೂತದ್ದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ.

“ಆಂವ ಕೇಳಲಿಲ್ಲಲ್ರಿ ಅತ್ತಿ. ಇನ್ನ ಯಾರ ಮುಂದ ಕುಂದರ್ತೀರಿ?”

ಯಲ್ಲವ್ವ ಗೋಡೆಯ ಕಡೆಗೇ ಮಾತಾಡಿದಳು.

“ನಮ್ಮಪ್ಪ ಕುರಿ ಹೊಡಕೊಂಡು ಹೋದಲ್ಲಿ ಬಾಂವಿ ಇದ್ದವರ ಬಾಗಲಾಗ ನಿಂದರ್ತಿದ್ದ. ನೀರ ಇಲ್ಲ ಅಂತಿದ್ರು. ಮತ್ತ ಹೋಗಿ ನಿಂದರ್ತಿದ್ದ. ನಾಚಿಕಿ ಬರೂದಿಲ್ಲೇನಪ್ಪಾ ಅಂದ್ನಿ. ಕುರಿ ನೀರಡಿಸ್ಯಾವಲ್ಲ ಅಂದ.” ಆಮೇಲೆ ಸೊಸೆಯತ್ತ ತಿರುಗಿದಳು. “ನನಗೂ ಸಿಟ್ಟ ಐತಿ, ಸೋನಾಲಿ. ಅದನ್ನೂ ಅಲ್ಲೇ ಹೇಳಾಕತ್ತೀನಿ.”

ಅಂದಿನಿಂದ ಸೋನಾಲಿ ಪ್ರಾರ್ಥನಾಕೂಟಕ್ಕೆ ಹೋಗಲಿಲ್ಲ. ಅತ್ತೆ ಕರೆಯಲೂ ಇಲ್ಲ.

*

ಮೂರು ಗಂಟೆಯಾಯಿತು. ಸೀರೆಯ ಪದ್ಧತಿ ಬೈಬಲ್ಲಿನ ವಾಕ್ಯದಲ್ಲಿಲ್ಲ, ಸಭೆಯವರು ಹೊದಿಸಿದ ಬಿಳಿ ಬಟ್ಟೆ ಸಾಕು ಎಂದು ಬಾಳಾಸಾಹೇಬ ಮೆಲ್ಲಗೆ ಹೇಳಿದರು. ಸೋನಾಲಿ ಇನ್ನೊಂದು ತಾಸು ಬೇಡಿದಳು. ಮತ್ತೆ ಫೋನ್ ಒತ್ತಿದಳು. ಮತ್ತೆ ಒತ್ತಿದಳು.

“ಎಷ್ಟ ಸಲ ಮಾಡತಿ ಯವ್ವಾ?” ಎಂದಳು ಸಿದ್ದವ್ವ. “ಅತ್ತಿ ಹಟ ನಿನಗೂ ಬಂತೇನು?”

“ದೇವರನ್ನ ಕೇಳಾವ್ರು ಅವ್ರು ಇದ್ರು. ನಾ ಬರೇ ಫೋನ್ ಮಾಡಾಕತ್ತೀನ್ರಿ.”

ನಾಲ್ಕಕ್ಕೆ ಮಲ್ಲಿನಾಥ ಮುಚ್ಚಳ ಎತ್ತಿಕೊಂಡಾಗ, ಯಾರದೋ ಮೋಟರ್‌ಸೈಕಲ್ಲಿನ ಹಿಂದಿನಿಂದ ಮುದುಕನೊಬ್ಬ ಇಳಿದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಅಂಗಡಿಯ ಚೀಲ. ಅಮೋಗಸಿದ್ದ ಯಾರನ್ನೂ ನೋಡದೆ ಪೆಟ್ಟಿಗೆಯ ಹತ್ತಿರ ಬಂದು ಸೀರೆ ಬಿಚ್ಚಿದ.

ಹಸಿರು ಸೀರೆ. ಮುತ್ತೈದೆಯರಿಗೆ ಕೊಡುವಂಥದ್ದು.

ಸಿದ್ದವ್ವನೇ ಹೇಳಬೇಕಾಯಿತು: “ಅಣ್ಣಾ, ಆಕಿ ಗಂಡ ಹೋಗಿ ಹತ್ತ ವರ್ಷಾತು. ಹಸರ ಹೆಂಗ ಹೊಚ್ಚತಿ?”

ಅವನ ಕೈ ಗಾಳಿಯಲ್ಲೇ ನಿಂತಿತು.

“ಆಂವ ಹೋದ ಸುದ್ದಿ ಕೇಳಿದ್ನಿ,” ಎಂದ. “ಅಂಗಡ್ಯಾಂವ ಯಾರಿಗಿ ಅಂದ. ತಂಗಿಗಿ ಅಂದ್ನಿ. ಲಗ್ನದಾಗ ಕೊಟ್ಟಂಥಾದ್ದ ನೋಡಿ ತಗೊಂಡ್ನಿ. ಅಲ್ಲಿ ನೆನಪ ಆಗಲಿಲ್ಲ.” ಸೀರೆಯನ್ನು ಮಡಿಸತೊಡಗಿದ. “ಬದಲಿ ಮಾಡ್ಕೊಂಡ ಬರ್ತೀನಿ. ಲಗೂನ ಬರ್ತೀನಿ.”

“ಬ್ಯಾಡ್ರಿ ಮಾವಾರ,” ಎಂದಳು ಸೋನಾಲಿ. “ಹೊಚ್ಚರಿ.”

ಸೀರೆಯ ಇನ್ನೊಂದು ತುದಿಯನ್ನು ಬಾಳಾಸಾಹೇಬರೇ ಬಂದು ಹಿಡಿದರು. ಬಿಳಿ ಬಟ್ಟೆಯ ಮೇಲೆ ಹಸಿರು ಹರಡಿತು.

“ನನಗ ಏನರ ಅಂದಿದ್ಲೇನು ಆಕಿ?” ಮುದುಕ ತಲೆಯೆತ್ತದೆ ಕೇಳಿದ.

“ನಿಮ್ಮ ಹೆಸರ ಹೇಳತಿದ್ರು.”

“ಯಾವಾಗ?”

“ದಿನಾ.”

ಮುಚ್ಚಳ ಇಟ್ಟರು. ಒಂದು ಬದಿಯಲ್ಲಿ ಸೀರೆಯ ಅಂಚು ಹೊರಗೆ ಉಳಿದಿತ್ತು. ಅಮೋಗಸಿದ್ದ ಬಗ್ಗಿ ಅದನ್ನು ಬೆರಳಿನಿಂದ ಗೇಣುಗೇಣಾಗಿ ಒಳಗೆ ತುರುಕಿದ. ಅಂಚು ಪೂರಾ ಒಳಗೆ ಹೋಯಿತು. ಬೆರಳು ಸಂದಿಯಲ್ಲೇ ಇತ್ತು. ಮಲ್ಲಿನಾಥ ಸುತ್ತಿಗೆ ಎತ್ತಿದವನು, ಎತ್ತಿಕೊಂಡೇ ನಿಂತ.