ಅವ್ವನ ಗಂಜಿಯ ಮಂದ

ಲಕ್ವ ಹೊಡೆದ ಮೇಲೆ ಅವ್ವನನ್ನು ಬಿಳಿಚೋಡಿನಿಂದ ಹೊನ್ನಾಳಿಯ ನನ್ನ ಬಾಡಿಗೆ ಮನೆಗೆ ಕರೆತಂದೆ. ತೆಳ್ಳಗಿನದು ಏನು ಕುಡಿಸಿದರೂ ದಾರಿ ತಪ್ಪಿ ಶ್ವಾಸಕೋಶಕ್ಕೆ ಹೋಗುತ್ತಿತ್ತು. ಎಲ್ಲವನ್ನೂ ಮಂದ ಮಾಡಿ ಕುಡಿಸಿ, ಇಲ್ಲದಿದ್ದರೆ ಜೀವಕ್ಕೇ ಅಪಾಯ ಎಂದರು ಡಾಕ್ಟರು.

ಕೇಳಿ ನನಗೆ ಧೈರ್ಯವೇ ಬಂತು. ಮೆಕ್ಕೆಜೋಳದ ಪಿಷ್ಟ ತಯಾರಿಸುವ ಕಾರ್ಖಾನೆಯ ಲ್ಯಾಬಿನಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ. ಬರೀ ಪಿಷ್ಟದ ಗಂಜಿ ಹೆಚ್ಚು ಕುದಿಸಿದರೆ, ಹುಳಿ ಬಿದ್ದರೆ ತೆಳ್ಳಗಾಗುತ್ತದೆ. ರಾಸಾಯನಿಕದಿಂದ ಅದರ ಎಳೆಗಳನ್ನು ಒಂದಕ್ಕೊಂದು ಬಿಗಿದರೆ ಮಂದ ಹಾಗೇ ನಿಲ್ಲುತ್ತದೆ. ಸಾಸಿಗೆ, ಸೂಪಿಗೆ ಹಾಕುವುದು ಅದನ್ನೇ. ಲ್ಯಾಬಿನ ಮೇಲಧಿಕಾರಿ ತಿಪ್ಪೇಶಪ್ಪನವರನ್ನು ಕೇಳಿ ಆ ಪುಡಿಯ ಒಂದು ಡಬ್ಬಿ ತಂದೆ. ತೂಕ ಮಾಡಿ ಗಂಜಿ ಕಾಯಿಸಿದೆ.

"ಮೊದ್ಲು ನೀನ್ ಒಂದು ಚಮಚ ತಗಾ ಮಮತಾ," ಎಂದಳು ಅವ್ವ, ಅರ್ಧ ಬಾಯಲ್ಲಿ.

"ನಿಂಗೇ ಮಾಡಿದ್ದವ್ವ."

"ಕಾರ್ಖಾನೆ ಪುಡಿ ಐತೆ. ನೀನು ಉಳಿದ್ರೆ ಆಮೇಲೆ ನಾನು ಕುಡೀತೀನಿ."

ಇಬ್ಬರೂ ನಕ್ಕೆವು. ನಮ್ಮದು ಮೊದಲಿಂದಲೂ ಒಂದೇ ತಟ್ಟೆ. ಒಂದೇ ಚಮಚದಲ್ಲಿ ನನಗೊಂದು ತುತ್ತು, ಅವಳಿಗೊಂದು. ಅವಳು ನಿಧಾನವಾಗಿ ನುಂಗುತ್ತಿದ್ದಳು. ಬಟ್ಟಲು ಮುಗಿಯಲು ಅರ್ಧ ತಾಸು ಬೇಕು. ದಿನವೂ ಕೊನೆಕೊನೆಗೆ ಕೆಮ್ಮು ಬರುತ್ತಿತ್ತು. ಹತ್ತನೇ ದಿನ ಜ್ವರ. ನ್ಯುಮೋನಿಯಾ ಎಂದರು.

ಅವಳು ಆಸ್ಪತ್ರೆಯಲ್ಲಿದ್ದಾಗ ಅದೇ ಡಬ್ಬಿಯ ಪುಡಿಯನ್ನು ಲ್ಯಾಬಿನಲ್ಲಿ ಮತ್ತೆ ಮತ್ತೆ ಪರೀಕ್ಷಿಸಿದೆ. ತೂಕದಲ್ಲಿ ತಪ್ಪಿರಲಿಲ್ಲ, ಕುದಿಸಿದ್ದರಲ್ಲಿ ತಪ್ಪಿರಲಿಲ್ಲ. ಒಂದು ತಾಸು ಇಟ್ಟರೂ ಮಂದ ಕದಲಲಿಲ್ಲ. ಕೊನೆಗೆ, ಮನೆಯಲ್ಲಿ ಮಾಡಿದಂತೆಯೇ, ಒಂದು ಚಮಚ ಬಾಯಿಗಿಟ್ಟು ಅದನ್ನೇ ಮತ್ತೆ ಬಟ್ಟಲಿಗೆ ಅದ್ದಿದೆ. ಹಾಗೇ ಹಲವು ಸಲ. ಅರ್ಧ ತಾಸಿನಲ್ಲಿ ಗಂಜಿ ನೀರಿನಂತೆ ಹರಿಯಿತು.

ಎಂಜಲು ಪಿಷ್ಟವನ್ನು ಕರಗಿಸುತ್ತದೆ ಎಂದು ಸಂಜೆ ಕಾಲೇಜಿನ ಪರೀಕ್ಷೆಯಲ್ಲಿ ನಾನೇ ಬರೆದಿದ್ದೆ. ಅಂಕವೂ ಬಂದಿತ್ತು. ಶಾಖ, ಹುಳಿ ಎಲ್ಲ ಯೋಚಿಸಿದವಳಿಗೆ ನಮ್ಮಿಬ್ಬರ ಬಾಯಿ ನೆನಪಾಗಲಿಲ್ಲ.

ಅವ್ವ ಬದುಕಿ ಮನೆಗೆ ಬಂದಳು, ಇನ್ನೂ ಸೊರಗಿ. ಈ ಸಲ ನಾನು ಮುಟ್ಟಲಿಲ್ಲ. ಪುಟ್ಟ ಬಟ್ಟಲಿಗೆ ಸ್ವಲ್ಪವೇ ಹಾಕಿ, ತುತ್ತಿಗೊಂದು ಬೇರೆ ಚಮಚ ತೆಗೆದೆ. ಅವಳು ಸಾಲಾಗಿಟ್ಟ ಚಮಚಗಳನ್ನೇ ನೋಡಿದಳು.

"ನನ್ ಎಂಜಲು ಹೇಸಿಗೆ ಆತೇನೆ?"

"ಅಯ್ಯೋ, ಅಲ್ಲವ್ವ. ಉಗುಳು ಬಿದ್ರೆ ಗಂಜಿ ನೀರಾಗ್ತೈತೆ. ಅದಕ್ಕೇ ನಿಂಗೆ ಹಿಂಗಾಗಿದ್ದು."

"ಇಷ್ಟು ವರ್ಷ ಆಗಿರ್ಲಿಲ್ವಲ್ಲ," ಎಂದು ಗೋಡೆಗೆ ಮುಖ ತಿರುಗಿಸಿದಳು.

ಎಷ್ಟು ಬೇಡಿಕೊಂಡರೂ ನನ್ನ ಕೈಯಿಂದ ಬಾಯಿ ತೆರೆಯಲಿಲ್ಲ. ಮರುದಿನ ಪಕ್ಕದ ಮನೆಯ ಲಕ್ಷ್ಮೀದೇವಿಯಕ್ಕ ಅದೇ ಚಮಚಗಳಲ್ಲಿ ಕುಡಿಸಿದರು. ಹೊರಗಿನವರು ಎಂಜಲು ಬೇರೆ ಮಾಡಿದರೆ ಅವ್ವನಿಗೆ ನೋವಿಲ್ಲ. ಕುಡಿದಳು.

ಈಗ ದಿನವೂ ಹಾಗೆಯೇ. ನಾನು ಕಾಯಿಸಿ ಕೊಟ್ಟು ಅಡುಗೆಮನೆಯಲ್ಲಿ ನಿಲ್ಲುತ್ತೇನೆ. ಕೆಮ್ಮು ಕೇಳಿಸುವುದಿಲ್ಲ. ಅಕ್ಕ ಖಾಲಿ ಬಟ್ಟಲು ತಂದು ಕೊಟ್ಟಾಗ, ಅವ್ವ ನನ್ನ ಬಗ್ಗೆ ಏನಾದರೂ ಕೇಳಿದಳೇ ಎಂದು ವಿಚಾರಿಸುತ್ತೇನೆ.

"ಇಲ್ಲ ಕಣೇ," ಎನ್ನುತ್ತಾರೆ ಅವರು.