ದವಾಖಾನೆಯಲ್ಲಿ ಔಷಧದ ಪಂಕ್ತಿ

ಎಪ್ಪತ್ತೇಳನೇ ಇಸವಿಯ ಚಳಿಗಾಲ. ಸೊಲ್ಲಾಪುರದಿಂದ ಬಸ್ ಕಂಡಕ್ಟರನ ಕೈಯಲ್ಲಿ ತರಿಸಿದ ಪುಟ್ಟ ಬಾಟಲಿಯನ್ನು ಇಂಡಿ ಊರಿನ ದವಾಖಾನೆಯ ಡಾಕ್ಟರ್ ಅಬ್ದುಲರಜಾಕರು ಇಂದ್ರಾಬಾಯಿಗೆ ಕೊಟ್ಟರು.

"ಫ್ಲೂ ವೈರಸ್ಸಿಗೇ ಅಂತ ಬಂದಿರೋ ಹೊಸ ಔಷಧರಿ ಬಾಯಾರ. ಜ್ವರ ಬಂದ ಕೂಡ್ಲೇ ಸುರು ಮಾಡಿದ್ರಷ್ಟ ಉಪಯೋಗ. ಹುಡುಗಿ ಎದಿ ಗೊರಗೊರ ಅನ್ನಾಕತ್ತೈತಿ. ಒಂದು ಹನಿ ಚೆಲ್ಲಬ್ಯಾಡ್ರಿ, ಇನ್ನೊಂದು ಬಾಟ್ಲಿ ಈ ಸೀಮ್ಯಾಗ ಸಿಗೂದಿಲ್ಲ."

ಬಿ.ಎ. ಓದಿದ ಇಂದ್ರಾಬಾಯಿ ಬಾಟಲಿಯ ಮೇಲಿನ ಚೀಟಿಯನ್ನು ಓದಿದಳು. ಅಳತೆ ತಪ್ಪಿದರೆ ಆಗುವ ತೊಂದರೆಗಳನ್ನು ಓದಿದಷ್ಟೂ ಹೆದರಿಕೆ ಹೆಚ್ಚಿತು. ಮಗಳು ಸುಂದ್ರಿ ಮಕ್ಕಳ ವಾರ್ಡಿನ ಮಂಚದ ಮೇಲೆ ಕಣ್ಣು ತೆರೆಯದೆ ಮಲಗಿದ್ದಳು. ಅತ್ತೆ ರಾಮವ್ವನ ಕೈಗೆ ಬಾಟಲಿ ಕೊಟ್ಟು, ಚಮಚ ತೊಳೆಯಲು ಹೋದಳು.

ಬಂದು ನೋಡಿದರೆ ರಾಮವ್ವ ಮುಚ್ಚಳ ತೆಗೆದು ಪಕ್ಕದ ಮಂಚದ ಮುಂದೆ ನಿಂತಿದ್ದಾಳೆ. ಬೇವಿನ ಮರದಿಂದ ಬಿದ್ದು ಕಾಲು ಮುರಿದುಕೊಂಡ ಮೈಬೂಬ ನಾಲಗೆ ಚಾಚಿ ಕಾಯುತ್ತಿದ್ದಾನೆ.

"ಅತ್ತೀ, ತಡೀರಿ!"

"ಏನ ತಡೀಲಿ? ಇಷ್ಟು ಕೂಸು ಬಾಯಿ ನೋಡಾಕತ್ತಾವ. ಮಂದಿ ಮಕ್ಕಳ ಮುಂದ ನಮ್ಮ ಕೂಸಿಗಷ್ಟ ಕುಡಿಸಿದ್ರ ಕಣ್ಣ ಬೀಳ್ತೈತಿ. ದವಾ ಮೈಗೆ ಹತ್ತೂದಿಲ್ಲ."

"ಅದು ಹುಗ್ಗಿ ಅಲ್ರಿ, ಔಷಧ."

"ಬಾಯಾಗ ಹಾಕೂದು ಯಾವುದಾದ್ರೇನು?"

ಮೈಬೂಬನ ತಾಯಿ ಪೀರಬಿ ಗದರಿದಳು: "ನಾಲಗಿ ಒಳಗ ಹಾಕ್ಲೇ! ನಿನಗ ಮುರದಿದ್ದು ಕಾಲು."

"ಇರ್ಲಿ ಬಿಡವಾ, ಕಾಲಿಗೂ ಜ್ವರ ಬಂದೀತು," ಎಂದಳು ರಾಮವ್ವ.

ಕಸಿದುಕೊಂಡರೆ ಔಷಧ ಚೆಲ್ಲುತ್ತದೆ. ವೈರಸ್ಸಿನ ಪಾಠ ಹೇಳಿದರೆ ಅತ್ತೆ ಮುನಿಸಿಕೊಂಡು ಬಾಟಲಿಯನ್ನು ಸೆರಗಿಗೆ ಕಟ್ಟಿಕೊಳ್ಳುತ್ತಾಳೆ. ಇಂದ್ರಾಬಾಯಿ ಮಾತನ್ನು ಅಳೆದು ತೂಗಿದಳು.

"ಅತ್ತೀ, ಪಂಕ್ತಿಯೊಳಗ ಸಕ್ಕರಿ ಬ್ಯಾನಿ ಇದ್ದವ್ರಿಗೂ ಹೋಳಿಗಿ ಬಡಸ್ತೀರೇನ್ರಿ?"

"ಹುಚ್ಚಿ, ಅವ್ರಿಗೆ ರೊಟ್ಟಿ."

"ಹಂಗ ಇಲ್ಲೂ ಅವರವರ ದವಾ ಅವರವರಿಗೆ, ಎಲ್ಲಾರೂ ಒಮ್ಮೆಗೇ. ಬಡಸೂ ಯಜಮಾನಕಿ ನಿಮ್ದ."

ಯಜಮಾನಿಕೆ ಎಂದರೆ ರಾಮವ್ವ ಬಿಟ್ಟಾಳೆಯೇ? ಬಾಟಲಿ ಸೊಸೆಯ ಕೈಗೆ ಬಂತು. ತಾಯಂದಿರು ತಮ್ಮ ತಮ್ಮ ಮಕ್ಕಳ ಔಷಧ ಹಿಡಿದು ಕೂತರು. ಔಷಧವಿಲ್ಲದ ಮೈಬೂಬನಿಗೆ ಬೆಲ್ಲದ ಹಳಕು. ರಾಮವ್ವ ಸೆರಗು ಸಿಕ್ಕಿಸಿ ಮಂಚಗಳ ನಡುವೆ ಓಡಾಡಿದಳು.

"ಎಲ್ಲಾರಿಗೂ ಬಿತ್ತೇನು? ಸುರು ಮಾಡ್ರಿ!"

ಸುಂದ್ರಿ ನುಂಗಿದಳು, ಮುಖ ಕಿವುಚಿದಳು. ಕಾರಿಕೊಂಡಾಳೋ ಎಂದು ಇಂದ್ರಾಬಾಯಿ ಬೊಗಸೆಯೊಡ್ಡಿ ಕೂತಳು. ಬೊಗಸೆ ಖಾಲಿಯೇ ಉಳಿಯಿತು.

ಪಂಕ್ತಿ ದಿನಾ ನಡೆಯಿತು. ಎದೆಯ ಗೊರಗೊರ ನಿಧಾನಕ್ಕೆ ಇಳಿಯಿತು. ಒಂದು ಬೆಳಿಗ್ಗೆ ಸುಂದ್ರಿ ದಿಂಬಿಗೊರಗಿ ಕೂತು ಚಮಚವನ್ನು ದೂರ ತಳ್ಳಿದಳು.

"ಮೈಬೂಬಗ ಬೆಲ್ಲ, ನನಗಷ್ಟ ಕಹಿ! ಇದ್ಯಾವ ಪಂಕ್ತಿ?"

ರಾಮವ್ವ ಬಾಗಿಲ ಕಡೆ ತಿರುಗಿ ಕೂಗಿದಳು: "ಡಾಕ್ಟರ್ ಸಾಹೇಬ್ರ, ಬರ್ರಿ! ನಮ್ಮ ಕೂಸಿಗೆ ಜಗಳಾಡೂ ಕಸುವು ಬಂದೈತಿ!"