ಕೀರ್ತನೆಯ ಅಂಕಿ ಹೊತ್ತ ಹಲಗೆ

ನಾನು ಒಂದು ಹಲಗೆ. ಬರೀ ಹಲಗೆಯೇ ಎಂದು ಮೂಗು ಮುರಿಯಬೇಡಿ. ಬೆಟಗೇರಿಯ ನೇಕಾರ ಓಣಿಯ ಚರ್ಚಿನಲ್ಲಿ ಐವತ್ತು ವರ್ಷ ನನ್ನ ಮುಖ ನೋಡದೆ ಯಾರೂ ಹಾಡಲು ಬಾಯಿ ತೆರೆದವರಲ್ಲ. ಪಾದ್ರಿ ಅಯ್ಯನವರ ಪ್ರಸಂಗಕ್ಕೆ ಗೊರಕೆ ಹೊಡೆದವರೂ ನನ್ನ ಕಡೆ ಕಣ್ಣು ಹೋದೊಡನೆ ಎದ್ದು ನಿಲ್ಲುತ್ತಿದ್ದರು.

ಹುಟ್ಟಿದ್ದು ಬೇವಿನ ಮರದಲ್ಲಿ. ಚರ್ಚಿಗೆ ಬೆಂಚು ಮಾಡಿ ಉಳಿದ ತುಂಡು ನಾನು. ಬಡಗಿ ಎಲೀಷಪ್ಪ ನನ್ನನ್ನು ಎಷ್ಟು ಉಜ್ಜಿದನೆಂದರೆ, ಮೇಲೆ ಕೂತ ನೊಣ ಜಾರಿ ಬಿದ್ದು ಸೊಂಟ ಮುರಿದುಕೊಳ್ಳಬೇಕು. ಮೂರು ಅಂಕಿ ನಿಲ್ಲುವಂತೆ ಅಡ್ಡಪಟ್ಟಿ ಬಡಿದ. ಚಿಮಣಿ ಎಣ್ಣೆಯ ಡಬ್ಬಿ ಕತ್ತರಿಸಿ, ಆ ತಗಡುಗಳ ಮೇಲೆ ಬಿಳಿ ಬಣ್ಣದಲ್ಲಿ ಅಂಕಿ ಬರೆದ. ಬೈಬಲ್ಲಿನ ಎಷ್ಟನೆಯ ಕೀರ್ತನೆ ಹಾಡಬೇಕೋ ಆ ಅಂಕಿಯನ್ನು ಹೊತ್ತು ನಿಲ್ಲುವುದು ನನ್ನ ಕೆಲಸ.

ನಮ್ಮ ಚರ್ಚಿನಲ್ಲಿ ಎರಡು ಕಟ್ಟಳೆ. ಕೀರ್ತನೆ ಯಾವುದೆಂದು ಬಾಯಲ್ಲಿ ಹೇಳುವಂತಿಲ್ಲ. ಹಲಗೆ ನೋಡಿ ಹಾಡಬೇಕು. ಒಮ್ಮೆ ಎತ್ತಿದ ಕೀರ್ತನೆಯನ್ನು ನಡುವೆ ಬಿಡುವಂತಿಲ್ಲ. ಸಿಡಿಲು ಬಿದ್ದರೂ ಕಡೆಯ ವಚನ ಮುಟ್ಟಲೇಬೇಕು.

ಮೊದಲು ನನ್ನನ್ನು ನೋಡಿಕೊಂಡವನು ಚರ್ಚಿನ ಗಂಟೆ ಹೊಡೆಯುತ್ತಿದ್ದ ದಾನಿಯೇಲಪ್ಪ. ಅವನು ತೀರಿದ ಮೇಲೆ ಅವನ ಹೆಂಡತಿ ಸಾರವ್ವನ ಕೈಗೆ ಬಂದೆ. ಸಾರವ್ವನಿಗೆ ಓದು ಬರದು, ಆದರೆ ನೂರೈವತ್ತು ಕೀರ್ತನೆಗಳೂ ಬಾಯಿಪಾಠ. ಅಂಕಿಗಳೆಂದರೆ ಅವಳಿಗೆ ಮನೆಯ ಮಂದಿ. ತಗಡು ಒರೆಸುತ್ತಾ ಮಾತಾಡಿಸುತ್ತಿದ್ದಳು: "ಬಾರೋ ಇಪ್ಪತ್ಮೂರು, ಕುರಿ ಕಾಯಾಂವ! ನಿನ್ನ ಹಾಡಿ ಹಾಡಿ ಮಂದಿ ಸವಿಸ್ಯಾರ."

ಸಾಲು ಎತ್ತುವವಳು ಸಾರವ್ವ. ಎದುರು ಸಾಲು ಕೊಡುವವಳು ಅವಳ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ದೊರ್ಕವ್ವ. ನೂರಮೂವತ್ತಾರನೆಯ ಕೀರ್ತನೆ ಇವರಿಬ್ಬರಿಗಾಗಿಯೇ ಹುಟ್ಟಿದಂತಿತ್ತು. ಅದರಲ್ಲಿ ಒಂದೊಂದು ಸಾಲಿಗೂ ದೇವರ ಕರುಣೆಗೆ ಕೊನೆಯಿಲ್ಲವೆಂಬ ಉತ್ತರ ಬರುತ್ತದೆ, ಇಪ್ಪತ್ತಾರು ಸಲ. ಸಾರವ್ವ ಎಸೆದದ್ದನ್ನು ದೊರ್ಕವ್ವ ನೆಲಕ್ಕೆ ಬೀಳಗೊಡುತ್ತಿರಲಿಲ್ಲ. ಇವರು ಹಾಡಿದರೆ ಗದಗ ಸ್ಟೇಷನ್ನಿನಲ್ಲಿ ರೈಲು ಎರಡು ನಿಮಿಷ ತಡವಾಗಿ ಬಿಡುತ್ತಿತ್ತು. ನಂಬದಿದ್ದರೆ ಬಿಡಿ.

ಹೀಗಿರುವಾಗ ದೊರ್ಕವ್ವನ ಮಗಳು ಪ್ರೇಮಲೀಲಾಳ ಮದುವೆ ಬಂತು. ಸಾರವ್ವ ಬೆಳಿಗ್ಗೆಯೇ ತೊಂಬತ್ತಾರು ಹಾಕಿದಳು. ಹೊಸ ಹಾಡು ಹಾಡಿರಿ ಎನ್ನುವ ಕೀರ್ತನೆ ಅದು. ಅದರಲ್ಲಿ ಕಾಡಿನ ಮರಗಳೂ ಕುಣಿದು ಹಾಡುತ್ತವೆ. ಮರದ ಜಾತಿಯವನಾದ ನನಗೆ ಅದೆಂದರೆ ಪ್ರಾಣ. ಅಂಕಿ ಹಾಕಿದ ಸಾರವ್ವ ಹಿತ್ತಲಲ್ಲಿ ಹುಗ್ಗಿ ತಿರುವಲು ಹೋದಳು. ಆಮೇಲೆ ಬಣ್ಣದ ಕಾಗದ ಕಟ್ಟುವವನೊಬ್ಬ ಪರವೂರಿನಿಂದ ಬಂದ. ಅವನ ಏಣಿ ನನ್ನ ಪಕ್ಕೆಗೆ ಬಡಿಯಿತು. ಎರಡೂ ತಗಡು ನೆಲಕ್ಕೆ. ಪಾಪ, ಅವನು ಪ್ಯಾಂಟಿಗೆ ಒರೆಸಿ, ಕೈಗೆ ಸಿಕ್ಕ ಹಾಗೆ ಸಿಕ್ಕಿಸಿ ಹೋದ. ತೊಂಬತ್ತಾರು ಅರವತ್ತೊಂಬತ್ತಾಯಿತು.

ಅರವತ್ತೊಂಬತ್ತು ಏನು ಗೊತ್ತೇ? ಕುತ್ತಿಗೆಮಟ್ಟ ನೀರು ಬಂದಿದೆ, ಕೆಸರಲ್ಲಿ ಹೂತಿದ್ದೇನೆ ಎಂಬ ಗೋಳು. ಗಂಡಸರ ಬೆಂಚಿನವರು ನನ್ನ ಮುಖ ನೋಡಿ ಎತ್ತಿಯೇಬಿಟ್ಟರು. ಎತ್ತಿದ ಮೇಲೆ ಬಿಡುವಂತಿಲ್ಲ. ಮೂವತ್ತಾರು ವಚನ! ಮದುಮಗಳ ತಲೆಯ ಹೂ ಬಾಡಿ, ಒಣಗಿ, ಮತ್ತೆ ಮೊಗ್ಗಾಯಿತು. ಹದಿನೈದನೆಯ ವಚನಕ್ಕೆ ದೊರ್ಕವ್ವ ಅಳುತ್ತಾ ಹೊರಗೆ ನಡೆದಳು. ಬಾಗಿಲಲ್ಲಿ ಸಾರವ್ವ ಸೌಟು ಹಿಡಿದು ಓಡಿ ಬಂದಳು.

"ಬೇಕಂತ ಹಾಕೀದಿ! ನನ್ನ ಮಗಳ ಸಂಸಾರ ಮುಳುಗ್ಲಿ ಅಂತ ಹಾಕೀದಿ!"

"ದೇವರಾಣಿ ದೊರ್ಕಿ, ನಾ ತೊಂಬತ್ತಾರs ಹಾಕೀನಿ."

"ಹಂಗಾರ ತಗಡಿಗೆ ಕಾಲು ಬಂದ್ವೇನು?"

ಕಾಲಲ್ಲವ್ವಾ, ಏಣಿ ಬಂತು ಎಂದು ನಾನು ಹೇಳಬೇಕು. ಆದರೆ ನನ್ನ ಬಾಯಲ್ಲಿ ಬರುವುದು ಅಂಕಿ ಮಾತ್ರ.

ಒಂಬತ್ತು ವರ್ಷ ಇಬ್ಬರೂ ಮಾತಾಡಲಿಲ್ಲ. ಒಬ್ಬಳು ಕಿಟಕಿ ಕಡೆ, ಇನ್ನೊಬ್ಬಳು ಕಂಬದ ಮರೆಗೆ. ನೂರಮೂವತ್ತಾರನ್ನು ಯಾವ ಅಯ್ಯನವರೂ ಹಾಕಿಸಲಿಲ್ಲ. ದೊರ್ಕವ್ವ ತೆಗೆಯದ ಸಾಲಿಗೆ ಬೇರೆ ಹೆಂಗಸರು ಬಾಯಿ ಹಾಕುವುದಿಲ್ಲ.

ಆಮೇಲೆ ಚರ್ಚಿಗೆ ಹೊಸ ಗೋಡೆ, ದೊಡ್ಡ ಪರದೆ ಬರುವುದು ನಿಶ್ಚಯವಾಯಿತು. ಮುಂದಿನ ವಾರದಿಂದ ಹಾಡು ಪರದೆಯ ಮೇಲೆ, ಹಲಗೆ ಬೇಡ. ನನ್ನ ಕಡೆಯ ಭಾನುವಾರ, ಸಾರವ್ವನ ಕೈಯ ಕಡೆಯ ಅಂಕಿ. ಅಯ್ಯನವರು ಬರೆದುಕೊಟ್ಟದ್ದು ನೂರು. ಸಾರವ್ವ ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡಳು. ತಗಡುಗಳನ್ನು ಒಂದೊಂದಾಗಿ ಒರೆಸಿ ಇಟ್ಟಳು. ಒಂದು. ಮೂರು. ಆರು.

"ಇವತ್ತ ಅಲ್ಲಾಡಬ್ಯಾಡ ನೋಡಪಾ," ಎಂದಳು ನನಗೆ. ಉಸಿರು ಕೂಡ ಬಿಡದೆ ನಿಂತೆ.

ಅಯ್ಯನವರು ನನ್ನನ್ನು ನೋಡಿ ಬೆಚ್ಚಿದರು. "ಅಮ್ಮಾ, ಇವತ್ತು ಅದಲ್ಲ—"

ಅಷ್ಟರಲ್ಲಿ ಸಾರವ್ವ ಎತ್ತಿಯಾಗಿತ್ತು. ಹಿರಿಯ ಸಭಿಕ ಮತ್ತಾಯಪ್ಪ ಕೈ ಅಡ್ಡ ಹಿಡಿದ: "ಎತ್ಯಾರ್ರೀ ಅಯ್ಯನವರ. ಇನ್ನ ಬಿಡಾಂಗಿಲ್ಲ."

ಮೊದಲ ಸಾಲು. ಉತ್ತರವಿಲ್ಲ. ಎರಡನೆಯ ಸಾಲು. ಯಾರೋ ಕೆಮ್ಮಿದರು. ಹೆಂಗಸರೆಲ್ಲ ಕಂಬದ ಕಡೆಗೇ ನೋಡುತ್ತಿದ್ದರು. ಮೂರನೆಯ ಸಾಲು ಏರುವಲ್ಲಿ ಸಾರವ್ವನ ದನಿ ಒಡೆಯಿತು. ಎಪ್ಪತ್ತು ದಾಟಿದ ಗಂಟಲು, ಅದರ ಮೇಲೆ ಒಂಬತ್ತು ವರ್ಷದ ಭಾರ. ಸ್ವರ ಬೀಳುತ್ತಿತ್ತು.

ಕಂಬದ ಮರೆಯಿಂದ ಉತ್ತರ ಬಂತು. ಗಟ್ಟಿಯಾಗಿ, ಬೈದ ಹಾಗೆ. ಬಿದ್ದ ಸ್ವರವನ್ನು ನೆಲಕ್ಕೆ ಮುಟ್ಟುವ ಮೊದಲೇ ಹಿಡಿಯಿತು. ಉಳಿದ ಇಪ್ಪತ್ಮೂರಕ್ಕೂ ದೊರ್ಕವ್ವ ಉತ್ತರ ಕೊಟ್ಟಳು, ಹೆಂಚು ಹಾರಿ ಪಕ್ಕದ ಓಣಿಯಲ್ಲಿ ಬೀಳುವ ಹಾಗೆ.

ಮುಗಿದ ಮೇಲೆ ಅವಳೇ ಕಿಟಕಿಯ ಕಡೆ ಬಂದಳು. "ಯಕ್ಕಾ, ಮೂರನೇ ಸಾಲಿನ್ಯಾಗ ಸೂರ ಬಿಟ್ಟಿ."

"ನೀ ಹಿಡೀತಿಯೋ ಇಲ್ಲೋ ನೋಡಾಕ ಬಿಟ್ಟೆ," ಎಂದಳು ಸಾರವ್ವ, ಕಣ್ಣು ಒರೆಸಿಕೊಳ್ಳುತ್ತಾ.

ಈಗ ನಾನು ದೊರ್ಕವ್ವನ ಅಡುಗೆಮನೆಯ ಗೂಡಿನ ಹಲಗೆ. ಬೆನ್ನ ಮೇಲೆ ಖಾರಪುಡಿ, ಶೇಂಗಾ ಚಟ್ನಿ, ಉಪ್ಪಿನಕಾಯಿ ಭರಣಿ. ಘಾಟಿಗೆ ಸೀನು ಬರುತ್ತದೆ, ಆದರೂ ಸಭೆ ತಪ್ಪಿಲ್ಲ: ಸಂಜೆ ಇಬ್ಬರೂ ಒಲೆಯ ಮುಂದೆ ಕೂತು ಹಾಡುತ್ತಾರೆ. ಮೊನ್ನೆ ದೊರ್ಕವ್ವ ತಾನಾಗಿಯೇ ಅರವತ್ತೊಂಬತ್ತು ಎತ್ತಿದಳು. ನೀರು, ಕೆಸರು, ಗೋಳು ಎಲ್ಲ ದಾಟಿದರು. ಹದಿನೈದನ್ನೂ ದಾಟಿದರು. ಕಡೆಗೆ ಆ ಕೀರ್ತನೆ ಮುಟ್ಟುವುದು ಸ್ತೋತ್ರಕ್ಕೇ; ಭೂಮಿ ಆಕಾಶವೆಲ್ಲ ಹೊಗಳಲಿ ಎಂದು ಮುಗಿಯುತ್ತದೆ. ದೊರ್ಕವ್ವ ಒಲೆಯೊಳಗೆ ಒಂದು ಕಟ್ಟಿಗೆ ತಳ್ಳಿದಳು.

"ಇದು ಮದುವಿಗೂ ನಡೀತಿತ್ತು ಬಿಡು. ನಾನs ಅರ್ಧಕ್ಕ ಎದ್ದು ಹೋದೆ," ಎಂದಳು. "ಪ್ರೇಮಿ ಚಲೋ ಅದಾಳ. ಮುಳುಗಿದಾಂವ ಆಕಿ ಗಂಡ." ಇಬ್ಬರೂ ನಕ್ಕರು, ಭರಣಿಗಳು ನಡುಗಿದವು. "ಆದ್ರೂ ಯಕ್ಕಾ, ಹಾಕಿದ್ದು ನೀನs."

"ಹೂಂ, ನಾನs ಅಂತ ತಿಳಕೋ. ಚಾ ಆರತೈತಿ, ಕುಡಿ."

ಏಣಿಯ ವಿಷಯ ನನ್ನೊಳಗೇ ಉಳಿಯಿತು. ಇರಲಿ. ಹೇಳಬೇಕಾದ್ದನ್ನು ಅವರಿಬ್ಬರೂ ಹಾಡಿಕೊಂಡಾಯಿತು. ನಾನು ಉಪ್ಪಿನಕಾಯಿ ಹೊತ್ತು, ಒಳಗೊಳಗೇ, ತೊಂಬತ್ತಾರರ ಮರಗಳ ಸಾಲು ಹಾಡಿಕೊಳ್ಳುತ್ತೇನೆ.